ಮೀನಿನ ದೋಣಿಗೆ ಮೋಟಾರು ಹಗ್ಗ

ಹಗ್ಗ ಬೇಕು ಅಂದರೆ ಸಾಕು, ನಮ್ಮ ಕಡೆಯ ಅಂಗಡಿಯವರು ಕೇಳುವುದು ಒಂದೇ ಮಾತು, ಬೋರು ಎಷ್ಟು ಅಡಿ ಅಂತ. ಕಲ್ಯಾಣದುರ್ಗದಲ್ಲಿ ಎಲ್ಲರೂ ಕೇಳಿದರು. ಅಲ್ಲಿ ಸಿಗುವುದಿಲ್ಲವೆಂದು ಬಸ್ಸು ಹತ್ತಿ ಹಿಂದೂಪುರಕ್ಕೆ ಹೋದರೆ ಅಲ್ಲಿಯವನೂ ತೆಲುಗಿನಲ್ಲಿ ಅದನ್ನೇ ಕೇಳಿದ. "ಬೋರು ಎನ್ನಿ ಅಡುಗುಲು?" ಬೋರಿಗಲ್ಲ, ಮೀನು ಹಿಡಿಯೋಕೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೂದಲಿನಂಥ ಗಾಳದ ದಾರ ತಂದಿಟ್ಟ. ಇನ್ನೂ ಸ್ವಲ್ಪ ಗಟ್ಟಿ ಇರಲಿ ಅಂದರೆ ಬೋರಿಗೆ ಮೋಟಾರು ಇಳಿಸುವ, ಹೆಬ್ಬೆರಳು ದಪ್ಪದ ಮೋಟಾರು ಹಗ್ಗವನ್ನೇ ಎಳೆದು ತಂದ. ಇವೆರಡರ ನಡುವೆ ಲೋಕದಲ್ಲಿ ಬೇರೆ ದಾರವೇ ಹುಟ್ಟಿಲ್ಲ ಎನ್ನುವ ಹಾಗೆ ನಿಂತುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ನನಗೆ ಬೇಕಿದ್ದದ್ದು ಡೌನ್‌ರಿಗರ್ ದಾರ, ಗಾಳವನ್ನು ಆಳಕ್ಕಿಳಿಸುವ ತೂಕಕ್ಕೆ ಕಟ್ಟುವಂಥದ್ದು. ಹಿಂದೂಪುರದ ಪರಿಚಯದವರೊಬ್ಬರಿಂದ ಒಂದು ಹಳೆಯ ಕಯಾಕ್ ಕೊಂಡಿದ್ದೆ. ಒಬ್ಬನೇ ಕೂತು ಹುಟ್ಟು ಹಾಕುವ, ಪ್ಲಾಸ್ಟಿಕ್ಕಿನ ಉದ್ದನೆಯ ದೋಣಿ. ಅದರಲ್ಲಿ ಮೆಲ್ಲಗೆ ಹೋಗುತ್ತಾ ಗಾಳವನ್ನು ಹಿಂದೆ ಎಳೆಸಿಕೊಂಡು ಹೋದರೆ ದೊಡ್ಡ ಮೀನು ಕಚ್ಚುತ್ತದೆ. ಆದರೆ ಬಿಸಿಲೇರಿದಾಗ ದೊಡ್ಡ ಮೀನು ಆಳಕ್ಕಿಳಿಯುತ್ತದೆ. ಗಾಳವೂ ಇಳಿಯಬೇಕಲ್ಲ, ಅದಕ್ಕೆ ಬೇರೊಂದು ದಾರದಲ್ಲಿ ತೂಕ ಕಟ್ಟಿ ನೀರಿಗೆ ಬಿಡಬೇಕು, ಗಾಳದ ದಾರವನ್ನು ಅದಕ್ಕೆ ಕ್ಲಿಪ್ಪಿನಲ್ಲಿ ಸಿಗಿಸಬೇಕು. ತೂಕದ ದಾರ ದಪ್ಪಗಿದ್ದರೆ ನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ, ತೂಕ ಮೇಲೆದ್ದುಬಿಡುತ್ತದೆ. ಇಷ್ಟು ಸಣ್ಣ ವಿಷಯ. ಗೋಡೆಗೆ ಹೇಳಿದ್ದರೆ ಅದಾದರೂ ಹೂಂಗುಟ್ಟುತ್ತಿತ್ತು.

ಕೊನೆಗೆ ಮೇಸ್ತ್ರಿಗಳು ಗೋಡೆಯ ನೇರ ನೋಡಲು ಕಟ್ಟುವ ನೈಲಾನ್ ಹುರಿ ಸಿಕ್ಕಿತು. ತೂಕಕ್ಕೆ ಅಮ್ಮನ ತೂಕದ ಕಲ್ಲು ಕೇಳಿದೆ. ಕಬ್ಬಿಣದ್ದಾದರೂ ನಮ್ಮ ಬಾಯಲ್ಲಿ ಅದು ಕಲ್ಲೇ. ಸಂತೆಯಲ್ಲಿ ಟೊಮ್ಯಾಟೊ ತೂಗಿ ನನ್ನನ್ನೂ ಅಣ್ಣನನ್ನೂ ಸಾಕಿದ ಕಲ್ಲು. ಈಗ ಕರೆಂಟಿನ ತಕ್ಕಡಿ ಬಂದಿದ್ದರೂ ಅಮ್ಮ ಅದನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಬಹಳ ಹೊತ್ತು ಯೋಚಿಸಿ ಕೊಟ್ಟಳು. "ವಾಪಸ್ ತಂದ್ಕೊಡ್ಬೇಕು ಕಣಪ್ಪ," ಅಂದಳು.

ಅಷ್ಟರಲ್ಲಿ ಅಣ್ಣ ಬಂದ. ಕಂಬದೂರು, ಕುಂದುರ್ಪಿ ಕಡೆಯ ಹಳ್ಳಿಗಳಲ್ಲಿ ಬೋರಿಗೆ ಮೋಟಾರು ಇಳಿಸುವುದು, ಎತ್ತುವುದು ಅವನ ಕೆಲಸ. ಒಮ್ಮೆ ಹಗ್ಗ ಕಿತ್ತುಹೋಗಿ ಮೋಟಾರು ಬೋರಿನೊಳಗೆ ಬಿದ್ದು, ಬೋರೇ ಹಾಳಾಗಿ, ಊರವರೆದುರು ತಲೆ ತಗ್ಗಿಸಿ ನಿಂತಿದ್ದ. ಅಂದಿನಿಂದ ಸಣ್ಣ ದಾರ ಕಂಡರೆ ಅವನಿಗೆ ಆಗದು.

"ಇದ್ರಾಗೆ ಅಮ್ಮನ ಕಲ್ಲು ಇಳಿಸ್ತೀಯೇನ್ಲಾ? ದಾರ ಐತೋ, ಜನಿವಾರ ಐತೋ?"

"ಇದು ಬೋರಲ್ಲ ಕಣಣ್ಣ, ಕೆರೆ. ಸಣ್ಣಗಿದ್ರೇನೇ ಕೆಳಕ್ಕೆ ಹೋಗೋದು."

"ಇಳಿಸಾದು ಯಾವನಾದ್ರೂ ಇಳಿಸ್ತಾನೆ. ಎತ್ತಾದು ಕಷ್ಟ."

ಹುರಿ ಕಿತ್ತೆಸೆದು ತನ್ನ ಮೋಟಾರು ಹಗ್ಗ ಕಟ್ಟಿದ. ಒಂದು ತುದಿ ಕಲ್ಲಿಗೆ, ಇನ್ನೊಂದು ದೋಣಿಯ ಪಕ್ಕದ ಬಳೆಗೆ. ಗಂಟು ಹಾಕಿದ ರೀತಿಗೆ ಆನೆ ಎಳೆದರೂ ಬಿಚ್ಚುತ್ತಿರಲಿಲ್ಲ. ನಾನು ಅಮ್ಮನ ಮುಖ ನೋಡಿದೆ. "ಅಣ್ಣ ಹೇಳ್ದಂಗೆ ಕೇಳು," ಅಂದಳು. ಹಲ್ಲು ಕಡಿದುಕೊಂಡು ಹೊರಟೆ, ಅಣ್ಣನೂ ಜೊತೆಗೆ ಬಂದ.

ಕುಂದುರ್ಪಿ ಕಡೆಯ ಒಂದು ಕೆರೆಯಲ್ಲಿ ನಾನು ಹೇಳಿದ್ದೇ ಆಯಿತು. ಹುಟ್ಟು ಹಾಕಿದಷ್ಟೂ ಹಗ್ಗ ಹಿಂದಕ್ಕೆ ಬಾಗಿ ಕಲ್ಲು ಮೇಲೆ ಮೇಲೆ ಎದ್ದು ಬಂತು. ದಡದಿಂದ ಅಣ್ಣ, "ಬಿಗಿ ಐತೇನ್ಲಾ?" ಎಂದು ಕೂಗುತ್ತಲೇ ಇದ್ದ. ಬಿಗಿಯೇ ಇತ್ತು, ಅದೇ ನನ್ನ ಕರ್ಮ. ಸಿಟ್ಟಿನಲ್ಲಿ ಇದ್ದಬದ್ದ ಹಗ್ಗವನ್ನೆಲ್ಲ ಬಿಟ್ಟು, ಹುಟ್ಟು ನಿಲ್ಲಿಸಿ ಕೂತೆ. ದೋಣಿ ನಿಂತ ಮೇಲೆ ಕಲ್ಲು ಸೀದಾ ತಳಕ್ಕಿಳಿದು ಮುಳುಗಿದ ಜಾಲಿ ಮರಕ್ಕೆ ಸಿಕ್ಕಿಕೊಂಡಿತು.

ನಮ್ಮ ಕಡೆಯ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲ ಕರೆಂಟು ಮಾಡುವ ಫ್ಯಾನು ನಿಲ್ಲಿಸಿರುವುದೇ ಅದಕ್ಕೆ. ದೋಣಿಯನ್ನು ಅಡ್ಡಕ್ಕೆ ತಿರುಗಿಸಿ ತಳ್ಳಿತು. ಹಗ್ಗ ಕೆಳಕ್ಕೆ ಜಗ್ಗಿತು, ದೋಣಿ ವಾಲಿತು. ಎರಡೂ ಕೈಯಲ್ಲಿ ಹಗ್ಗ ಹಿಡಿದು ಮೇಲಕ್ಕೆಳೆದೆ. ಕೊಯ್ಯೋಣವೆಂದರೆ ಚಾಕು ಇರಲಿಲ್ಲ. "ಬಿಡ್ಬ್ಯಾಡ, ಬಿಡ್ಬ್ಯಾಡ," ಅಂತ ಅಣ್ಣನ ಕೂಗು. ಬೋರಿನ ಬಾಯಲ್ಲಿ ಹಗ್ಗ ಜಾರಿದರೆ ಎಲ್ಲರೂ ಕೂಗುವ ಮಾತು ಅದು. ಹುಡುಗನಾಗಿದ್ದಾಗಿನಿಂದ ಕೇಳಿ ಕೇಳಿ ನನ್ನ ಕೈಗೂ ಅದು ಅಂಟಿತ್ತು. ಬಿಡಲಿಲ್ಲ. ದೋಣಿ ಮಗುಚಿಕೊಂಡಿತು, ಆಗಲೂ ಬಿಡಲಿಲ್ಲ. ಲೈಫ್ ಜಾಕೆಟ್ ಮೇಲಕ್ಕೆತ್ತುತ್ತಿತ್ತು, ನಾನು ಹಗ್ಗ ಹಿಡಿದು ನೀರು ಕುಡಿಯುತ್ತಿದ್ದೆ.

ಆಮೇಲೆ ಅಣ್ಣನ ದನಿ ಬದಲಾಯಿತು. "ಬಿಟ್ಬುಡ್ಲಾ, ಬಿಟ್ಬುಡು." ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಬಿಟ್ಟೆ.

ನಾನು ದಡ ಸೇರಿದೆ. ಮಗುಚಿದ ದೋಣಿ ಗೂಟಕ್ಕೆ ಕಟ್ಟಿದ ಮೇಕೆಯ ಹಾಗೆ ಅಲ್ಲೇ ಸುತ್ತುತ್ತಿತ್ತು. ಅಣ್ಣ ಮೀನಿನವರ ತೆಪ್ಪದಲ್ಲಿ ಹೋಗಿ ಆ ಹಗ್ಗದಲ್ಲೇ ಜಗ್ಗಿ, ಜಾಲಿ ಕೊಂಬೆ ಸಮೇತ ಕಲ್ಲನ್ನು ಎತ್ತಿ, ದೋಣಿಯನ್ನೂ ಎಳೆದು ತಂದ. ಕಲ್ಲೇನೋ ಬಂತು. ಹಗ್ಗದ ವಿಷಯದಲ್ಲಿ ಅವನೇ ಗೆದ್ದ ಹಾಗಾಯಿತಲ್ಲ ಎಂದು ಅಷ್ಟರಲ್ಲೂ ನನಗೆ ಹೊಟ್ಟೆ ಉರಿಯಿತು.

ಮನೆಯಲ್ಲಿ ಅಮ್ಮ ಕಲ್ಲಿನ ಕಡೆ ನೋಡಲಿಲ್ಲ. ಚರ್ಮ ಸುಲಿದ ನನ್ನ ಅಂಗೈಗಳನ್ನು ನೋಡಿದಳು.

"ಹಗ್ಗ ಬಿಡಕ್ಕೆ ಏನಾಗಿತ್ತು ನಿಂಗೆ?"

"ಕಲ್ಲು ವಾಪಸ್ ಬೇಕು ಅಂದಿದ್ಯಲ್ಲ."

"ಕಲ್ಲು ಬರ್ಬೇಕು ಅಂದೆ. ನೀನು ಬರಬ್ಯಾಡ ಅಂದ್ನಾ?" ಕಲ್ಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. "ಇನ್ಮೇಲೆ ಕಿತ್ತೋಗೋ ದಾರ ಕಟ್ಕೊಂಡು ಹೋಗು."

ಎರಡು ಊರಿನ ಅಂಗಡಿಗಳಲ್ಲೂ ನಾನು ಸಣ್ಣ ದಾರ ಕೇಳಿದ್ದೆ. ಕಿತ್ತುಹೋಗುವ ದಾರ ಬೇಕೆಂದು ಕೇಳಲು ನನಗೂ ಹೊಳೆದಿರಲಿಲ್ಲ.

ಅಣ್ಣ ಮೂಲೆಯಲ್ಲಿ ಬಿದ್ದಿದ್ದ ಮೇಸ್ತ್ರಿ ಹುರಿ ಹುಡುಕಿ ತಂದು ಕಲ್ಲಿನ ಬಳೆಗೆ ಕಟ್ಟತೊಡಗಿದ. ಎಳೆದರೆ ಬಿಚ್ಚಿಕೊಳ್ಳುವ ಗಂಟು ಇರಲಿ ಅಂದೆ. ಕಟ್ಟಿದ, ನಾನು ಎಳೆದೆ, ಬಿಚ್ಚಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದ. ಅದೂ ಬಿಚ್ಚಲಿಲ್ಲ. ಕೊನೆಗೆ ಹುರಿಯನ್ನು ನನ್ನ ಮುಂದೆ ಹಾಕಿದ.

"ಸಡ್ಲ ಗಂಟು ನಂಗೆ ಬರಾಕಿಲ್ಲ ಕಣ್ಲಾ. ನೀನೇ ಹಾಕ್ಕೊ."