ನೂರೆಂಬತ್ತೆಂಟರ ಜೋಡಿ

2007ರ ಜನವರಿಯಲ್ಲಿ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದರೆ ದೊಡ್ಡ ಮಾತು. ನನ್ನ ಕೈಕೆಳಗಿದ್ದವರು ಮೂರೇ ಜನ, ಅವರಲ್ಲೂ ಒಬ್ಬ ಸದಾ ರಜೆಯಲ್ಲಿ. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಕನಕಪುರ ರಸ್ತೆಯ ಅಕ್ಕಪಕ್ಕದ ರಾಗಿ ಹೊಲಗಳಲ್ಲಿ ತಿಂಗಳಿಗೊಂದರಂತೆ ತಗಡಿನ ಶೆಡ್ಡುಗಳು ಏಳುತ್ತಿದ್ದವು. ಬೇರೆ ಶೆಡ್ಡುಗಳಲ್ಲಿ ಪೈಪು, ಬಲ್ಬು, ಬಿಸ್ಕತ್ತು ತಯಾರಾಗುತ್ತಿದ್ದರೆ ನಮ್ಮಲ್ಲಿ ತಯಾರಾಗುತ್ತಿದ್ದದ್ದು ಸ್ಕೀ. ಹಿಮದ ಇಳಿಜಾರಿನಲ್ಲಿ ಜಾರಿಕೊಂಡು ಹೋಗಲು ಎರಡೂ ಕಾಲಿಗೆ ಸಿಕ್ಕಿಸಿಕೊಳ್ಳುವ ಉದ್ದನೆಯ ಹಲಗೆಗಳು. ಹೊರದೇಶದ ಒಂದು ಕಂಪನಿ ತನ್ನ ಹೆಸರು ಹಾಕಿ ಮಾರಲು ನಮ್ಮಿಂದ ಮಾಡಿಸಿಕೊಳ್ಳುತ್ತಿತ್ತು. ಕಾರ್ಖಾನೆಯ ನಲವತ್ತು ಜನರಲ್ಲಿ ಹಿಮ ಕಂಡವರು ಒಬ್ಬರೂ ಇರಲಿಲ್ಲ.

ನಮ್ಮೂರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ಹಬ್ಬಕ್ಕೆ ಊರಿಗೆ ಹೋದಾಗ ನನ್ನ ಕೆಲಸ ಏನೆಂದು ಚಿಕ್ಕಪ್ಪನಿಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೆ: “ಜಾರಿ ಬೀಳಾಕೂ ಒಂದು ಕಂಪ್ನಿ ಬೇಕೇನ್ಲಾ?”

ಸ್ಕೀ ಹೊರಗಿನಿಂದ ಪ್ಲಾಸ್ಟಿಕ್ಕಿನಂತೆ ಕಂಡರೂ ಅದರ ಜೀವ ಒಳಗಿನ ಮರದಲ್ಲಿದೆ. ತೆಳುವಾದ ಮರದ ಪಟ್ಟಿಗಳನ್ನು ಅಂಟಿಸಿ ಒಂದು ತಿರುಳು ಮಾಡಬೇಕು. ಇದಕ್ಕೆ ಕೋರ್ ಎನ್ನುತ್ತೇವೆ. ಅದು ಮಧ್ಯದಲ್ಲಿ ದಪ್ಪ, ಎರಡೂ ತುದಿಗೆ ಹೋಗುತ್ತಾ ತೆಳು. ಅದರ ಮೇಲೆ ಕೆಳಗೆ ಫೈಬರ್‌ಗ್ಲಾಸ್ ಹಾಸಿ, ಅಂಚಿಗೆ ಉಕ್ಕಿನ ಪಟ್ಟಿ ಕೊಟ್ಟು, ಅಂಟು ಸವರಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಸ್ಕೀ ಸಿದ್ಧ. ಕೋರಿನ ದಪ್ಪ ಒಂದಿಷ್ಟು ಏರುಪೇರಾದರೂ ಎಡಗಾಲಿನದು ಒಂದು ರೀತಿ ಬಾಗುತ್ತದೆ, ಬಲಗಾಲಿನದು ಇನ್ನೊಂದು ರೀತಿ. ಯಂತ್ರ ಹೆರೆದ ಮೇಲೂ ಕೊನೆಯ ಹದ ಕೈಯಿಂದಲೇ ಆಗಬೇಕಿತ್ತು. ಆ ಕೈ ಮುಬಾರಕ್‌ನದು.

ಮುಬಾರಕ್ ಚನ್ನಪಟ್ಟಣದವನು, ಮೂವತ್ತನಾಲ್ಕು ವರ್ಷ. ಅವರ ಮನೆತನದ್ದು ಅರಗಿನ ಬೊಂಬೆ ಕೆಲಸ. ಸಣ್ಣ ಆಳು, ಐದಡಿ ನಾಲ್ಕಂಗುಲ. ಕೋರಿನ ಮೇಲೆ ಹೆಬ್ಬೆರಳು ಆಡಿಸಿ, “ಸಾರ್, ಇಲ್ಲಿ ಒಸಿ ಉಬ್ಬೈತೆ” ಎನ್ನುತ್ತಿದ್ದ. ನಾನು ಮೈಕ್ರೋಮೀಟರ್ ಹಚ್ಚಿ ನೋಡಿದರೆ ಮಿಲಿಮೀಟರಿನ ಹತ್ತರಲ್ಲಿ ಎರಡು ಭಾಗ ಹೆಚ್ಚಿರುತ್ತಿತ್ತು. ಎರಡು ವರ್ಷದಲ್ಲಿ ಅವನ ಬೆರಳು ತಪ್ಪಿದ್ದು ನಾನು ಕಾಣೆ. ಭಾನುವಾರ ಮಾತ್ರ ಮನೆಯ ಲೇತಿನ ಮುಂದೆ ಕೂರುತ್ತಿದ್ದ. ನೆಲದ ಮೇಲೆ ಒಂದು ಕಾಲು ಮಡಚಿ ಕೂತು, ಇನ್ನೊಂದು ಪಾದದಿಂದ ಉಳಿಯನ್ನು ಆನಿಸಿಕೊಂಡು ಮರ ಕಡೆಯುವ ಹಳೆಯ ಪದ್ಧತಿ ಅವನದು. ವಾರವಿಡೀ ದುಡಿದು ಭಾನುವಾರವೂ ಯಾಕಪ್ಪಾ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು: “ಕಂಪ್ನಿ ಇವತ್ತೈತೆ, ನಾಳೆ ಇರಾಕಿಲ್ಲ ಸಾರ್. ಲೇತ್ ಮುಂದೆ ಕೂರಾಕೆ ಆಗೋಗಂಟ ನಂಗೆ ಭಯ ಇಲ್ಲ.”

ನಮ್ಮಲ್ಲಿ ಎರಡೇ ಅಚ್ಚುಗಳಿದ್ದವು, ಎರಡೂ ರೇಸಿನವು. 165 ಸೆಂಟಿಮೀಟರಿನದು ಹತ್ತಿರ ಹತ್ತಿರದ ತಿರುವುಗಳ ಓಟಕ್ಕೆ. 188ರದು ವೇಗವಾಗಿ, ಅಗಲವಾಗಿ ತಿರುಗುವ ಓಟಕ್ಕೆ. ಕಾರ್ಖಾನೆಯಲ್ಲಿ ಮರ್ಯಾದೆ ಇದ್ದದ್ದು 188ಕ್ಕೆ. ಉದ್ದ ಹೆಚ್ಚಿದಷ್ಟೂ ತಿರುಚಿಕೊಳ್ಳದಂತೆ ಒತ್ತುವುದು ಕಷ್ಟ. ಹೀಗಾಗಿ 188ರ ಒಂದು ಜೋಡಿ ಕುಂದಿಲ್ಲದೆ ಹೊರಬಂದ ದಿನ ಪ್ರೆಸ್ಸಿನವರು ಮೀಸೆ ತಿರುವುತ್ತಿದ್ದರು. ಅಂಥ ಒಂದು ಜೋಡಿಯನ್ನು ನಾನು ಮಾದರಿಯೆಂದು ಬೀರುವಿನಲ್ಲಿಟ್ಟಿದ್ದೆ. ಅದರ ಕೋರ್ ಮುಬಾರಕ್‌ನದು. ಪ್ರೆಸ್ ಮಾಡಿದವನು ಕೈಲಾಂಚದ ಸಿದ್ದರಾಜು, ಹಿಪ್ಪುನೇರಳೆ ತೋಟದ ಕೆಲಸ ಮುಗಿಸಿ ಬೈಕಿನಲ್ಲಿ ಶಿಫ್ಟಿಗೆ ಬರುತ್ತಿದ್ದ ಭಾರೀ ಆಳು. ಬೇರೆಲ್ಲ ಜೋಡಿಗಳನ್ನೂ ನಾನು ಇದಕ್ಕೆ ಹೋಲಿಸಿಯೇ ಪಾಸು ಮಾಡುತ್ತಿದ್ದೆ.

ಆ ಚಳಿಗಾಲ ಹೊರದೇಶದ ಆರ್ಡರ್ ಕಡಿಮೆಯಾಯಿತು. ಮಾಲೀಕರು ನನ್ನನ್ನು ಕರೆದು, ಅಚ್ಚುಗಳು ಸುಮ್ಮನೆ ಇರುವುದು ಬೇಡ, ಇದೇ ರೇಸ್ ಸ್ಕೀಗಳನ್ನು ಹಿಮಾಚಲದಲ್ಲಿ ಖುಷಿಗಾಗಿ ಜಾರುವ ಜನರಿಗೂ ಮಾರೋಣ ಎಂದರು. ಆದರೆ ಯಾರಿಗೆ ಯಾವ ಉದ್ದ ಕೊಡಬೇಕು? ಅದಕ್ಕೊಂದು ಚಾರ್ಟ್ ಬೇಕು. ಚಾರ್ಟ್ ಮಾಡುವ ಕೆಲಸ ನನಗೆ ಬಿತ್ತು. ಜೊತೆಗೆ ಇಬ್ಬರನ್ನು ಕರೆದೊಯ್ಯಬಹುದು ಎಂದಾಗ ನಾನು ಯೋಚನೆಯನ್ನೂ ಮಾಡದೆ ಮುಬಾರಕ್ ಮತ್ತು ಸಿದ್ದರಾಜು ಎಂದೆ. ತಾವು ಮಾಡಿದ್ದು ಹಿಮದ ಮೇಲೆ ಓಡುವುದನ್ನು ಅವರು ನೋಡಲಿ ಎಂಬ ಆಸೆ. ಆ ಆಸೆ ತಪ್ಪಲ್ಲ ಎಂದು ಇವತ್ತಿಗೂ ಅಂದುಕೊಂಡಿದ್ದೇನೆ.

ಮನಾಲಿಯಿಂದ ಮೇಲಿನ ಒಂದು ಇಳಿಜಾರಿಗೆ ಬೀರುವಿನ ಮಾದರಿಯೂ ಸೇರಿ ಆರು ಜೋಡಿ ಹೊತ್ತು ಹೋದೆವು. ಅಲ್ಲಿ ನಮಗೆ ಕಲಿಸಲು ಒಬ್ಬ ವಯಸ್ಸಾದ ತರಬೇತುದಾರರು ಸಿಕ್ಕರು. ನಾವು ಮೇಷ್ಟ್ರು ಎನ್ನುತ್ತಿದ್ದೆವು. ಮೊದಲೆರಡು ದಿನ ನಮ್ಮ ಸ್ಕೀಗಳನ್ನು ಮುಟ್ಟಲೂ ಬಿಡದೆ, ಬಾಡಿಗೆಯ ಗಿಡ್ಡನೆಯ ಮೆತ್ತನೆಯ ಜೋಡಿಗಳಲ್ಲಿ ಕಲಿಸಿದರು. ಸಿದ್ದರಾಜು ಬಿದ್ದದ್ದೇ ಹೆಚ್ಚು. “ನಮ್ ರೇಷ್ಮೆ ಹುಳನೂ ನನ್ಗಿಂತ ವಾಸಿ ಕಣ್ಲಾ” ಎಂದು ತನ್ನನ್ನು ತಾನೇ ಬೈದುಕೊಂಡು ಎದ್ದ. ನಾನು ಬೀಳುವ ಮೊದಲೇ ಕೂತುಬಿಡುತ್ತಿದ್ದೆ. ಮುಬಾರಕ್ ಮಾತ್ರ ಎರಡನೇ ದಿನ ಮಧ್ಯಾಹ್ನಕ್ಕೆಲ್ಲ ನೆಟ್ಟಗೆ ಇಳಿದು, ಎಡಕ್ಕೂ ಬಲಕ್ಕೂ ಹೊರಳಿ ನಿಲ್ಲುವಷ್ಟು ಕಲಿತ. ಅವನ ಮುಖದಲ್ಲಿ ಅಂಥ ನಗು ನಾನು ಕಾರ್ಖಾನೆಯಲ್ಲಿ ಎಂದೂ ಕಂಡಿರಲಿಲ್ಲ.

ಅದೇ ಮಧ್ಯಾಹ್ನ ಚಹಾ ಕುಡಿಯುತ್ತಾ ಮೇಷ್ಟ್ರು ನನ್ನ ಚಾರ್ಟಿಗೆ ಬೇಕಾದದ್ದನ್ನೆಲ್ಲ ಹೇಳಿದರು. ಸಾಧಾರಣ ಸ್ಕೀಯನ್ನು ಪಕ್ಕದಲ್ಲಿ ನಿಲ್ಲಿಸಿದಾಗ ಅದರ ತುದಿ ಗದ್ದಕ್ಕೂ ಹಣೆಗೂ ನಡುವೆ ಬಂದರೆ ಸಾಕು. ರೇಸ್ ಸ್ಕೀಗೆ ಈ ಲೆಕ್ಕ ಸಾಲದು. ಅದು ಬಿರುಸು. ಒಳ್ಳೆಯ ತೂಕ, ಒಳ್ಳೆಯ ವೇಗ ಎರಡೂ ಇದ್ದರೆ ಮಾತ್ರ ಬಾಗುತ್ತದೆ, ಬಾಗಿದರೆ ಮಾತ್ರ ತಿರುಗುತ್ತದೆ. ಹಗುರಾದ ಮನುಷ್ಯ ನಿಧಾನವಾಗಿ ಹೋದರೆ ಅದು ತಿರುಗುವುದೇ ಇಲ್ಲ, ತನ್ನ ಪಾಡಿಗೆ ನೇರ ಹೋಗುತ್ತದೆ. ಖುಷಿಗಾಗಿ ಜಾರುವವನು ರೇಸ್ ಜೋಡಿಯೇ ಬೇಕೆಂದು ಹಟ ಹಿಡಿದರೆ 165 ಕೊಡಿ, ಸಣ್ಣ ಆಳಾದರೆ ಅದಕ್ಕೂ ಗಿಡ್ಡದು ಕೊಡಿ, 188 ಕೊಡಲೇಬೇಡಿ ಎಂದರು. ನಾನು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡೆ. ಎತ್ತರಕ್ಕೊಂದು ಕಾಲಂ, ತೂಕಕ್ಕೊಂದು ಕಾಲಂ, ಅನುಭವಕ್ಕೊಂದು ಕಾಲಂ.

ಮೂರನೇ ದಿನ ಬೆಳಗ್ಗೆ ಮೇಷ್ಟ್ರಿಗೆ ಬೇರೊಂದು ತಂಡವಿತ್ತು. ಹನ್ನೊಂದಕ್ಕೆ ಬರುತ್ತೇನೆ, ಅಲ್ಲಿಯವರೆಗೆ ಬಾಡಿಗೆ ಜೋಡಿಗಳಲ್ಲೇ ಆಡಿಕೊಳ್ಳಿ ಎಂದು ಹೋದರು. ಹತ್ತು ಗಂಟೆಯ ಹೊತ್ತಿಗೆ ಮುಬಾರಕ್ ನನ್ನ ಹತ್ತಿರ ಬಂದು ನಿಂತ.

“ಸಾರ್, ಎರಡು ವರ್ಷದಿಂದ ಇದ್ನೇ ಹೆರೀತಾ ಇವ್ನಿ. ನಾನ್ ಮಾಡಿದ್ದು ಹಾಕ್ಕಂಡು ಒಂದ್ಸಲ, ಒಂದೇ ಒಂದ್ಸಲ ಇಳೀತೀನಿ.”

ಸಿದ್ದರಾಜು, “ಲೇ, ಒಸಿ ತಡ್ಕಳ್ಲಾ, ಮೇಷ್ಟ್ರು ಬತ್ತಾರೆ” ಎಂದ. ನನಗೆ ತಡೆಯುವ ಮನಸ್ಸಾಗಲಿಲ್ಲ. ಅವನು 165ರ ಜೋಡಿಯತ್ತ ಕೈ ಚಾಚಿದ. ಅದರ ಒಂದು ಅಂಚಿನಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆಯ ಒಂದು ಡೊಂಕಿತ್ತು. ರೇಸಿಗೆ ನಾನು ಫೇಲು ಮಾಡಿದ್ದ ಜೋಡಿ ಅದು. ನಾನು ಅವನ ಕೈ ಹಿಡಿದು, “ಅದು ಬೇಡಪ್ಪ, ಅದ್ರಲ್ಲಿ ಕುಂದೈತೆ. ಇದನ್ನ ತಗೋ” ಎಂದು ಮಾದರಿಯ 188 ತೆಗೆದುಕೊಟ್ಟೆ. ಹಿಂದಿನ ಮಧ್ಯಾಹ್ನ ನನ್ನದೇ ಕೈಯಲ್ಲಿ ಬರೆದದ್ದು ಜೇಬಿನಲ್ಲೇ ಇತ್ತು. ಆದರೆ ಚಾರ್ಟ್ ಇದ್ದದ್ದು ಗಿರಾಕಿಗಳಿಗೆ. ಮುಬಾರಕ್ ನನ್ನ ಕಣ್ಣಿಗೆ ಗಿರಾಕಿ ಆಗಿರಲಿಲ್ಲ, ಅದನ್ನು ಮಾಡಿದವನಾಗಿದ್ದ. ಮಾಡಿದವನಿಗೆ ಕುಂದಿನ ಮಾಲು ಕೊಡುವುದು ಹೇಗೆ?

ಬೂಟನ್ನು ಸ್ಕೀಗೆ ಹಿಡಿದಿಡುವ ಬೀಗಕ್ಕೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಸ್ಕೀ ಒಂದು ಕಡೆ ಹೋಗಿ ಕಾಲು ಅದರ ಜೊತೆ ತಿರುಚಿಕೊಳ್ಳುತ್ತದೆ. ಎಷ್ಟು ಬಲಕ್ಕೆ ಬಿಚ್ಚಬೇಕು ಎಂಬುದನ್ನು ಒಂದು ಸ್ಕ್ರೂ ತಿರುಗಿಸಿ ಹೊಂದಿಸಬೇಕು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಕೊನೆಯವರೆಗೆ ಸಡಿಲಿಸಿದೆ. ಬಿಗಿ ತೋರಿಸುವ ಕಡ್ಡಿ ಎಂಟರ ಅಂಕಿಯ ಮೇಲೆ ನಿಂತಿತು. ಕನಿಷ್ಠಕ್ಕೆ ಇಳಿಸಿದ್ದೇನೆ, ಇನ್ನು ಭಯವಿಲ್ಲ ಎಂದುಕೊಂಡೆ. ಅದು ರೇಸಿನ ಬೈಂಡಿಂಗ್. ಅದರ ಕನಿಷ್ಠವೇ ಎಂಟು. ಮುಬಾರಕ್‌ನಂಥವನಿಗೆ ಬೇಕಾದದ್ದು ನಾಲ್ಕರ ಆಸುಪಾಸು ಎಂದು ಮೇಷ್ಟ್ರು ಆಮೇಲೆ ಹೇಳಿದರು.

ಅವನು “ಬಿಸ್ಮಿಲ್ಲಾ” ಎಂದು ಇಳಿದ. ಮೊದಲ ಇಪ್ಪತ್ತು ಮೀಟರ್ ನೋಡಲು ಬಹಳ ಚೆನ್ನಾಗಿತ್ತು. ಸಿದ್ದರಾಜು ಕೂಡ ಶಿಳ್ಳೆ ಹೊಡೆದ. ಆಮೇಲೆ ಮುಬಾರಕ್ ಎಡಕ್ಕೆ ಹೊರಳಲು ನೋಡಿದ, ಸ್ಕೀ ಹೊರಳಲಿಲ್ಲ. ಇನ್ನೊಮ್ಮೆ ನೋಡಿದ. ಅದು ನೇರ ಹೋಗುತ್ತಲೇ ಇತ್ತು, ವೇಗ ಏರುತ್ತಲೇ ಇತ್ತು. ಇಳಿಜಾರಿನ ಅಂಚಿನಲ್ಲಿ ಮೆತ್ತನೆಯ ಹಿಮದ ದಿಣ್ಣೆಯೊಂದಿತ್ತು. ಹೇಗಾದರೂ ನಿಲ್ಲಬೇಕೆಂದು ಅವನು ಇಡೀ ಮೈ ತಿರುಚಿದ. ಬಲಗಾಲಿನ ಸ್ಕೀಯ ಮೂತಿ ದಿಣ್ಣೆಯೊಳಗೆ ಹೂತಿತು, ಮೈ ಮುಂದೆ ಹೋಯಿತು, ಬೈಂಡಿಂಗ್ ಬಿಚ್ಚಲಿಲ್ಲ. ಮೇಲೆ ನಿಂತಿದ್ದ ನಮಗೂ ಆ ಸದ್ದು ಕೇಳಿಸಿತು.

ಬಿದ್ದು ಎದ್ದು ಓಡಿದೆವು. ಇಷ್ಟು ವರ್ಷ ನಾನು ಹೆಂಡತಿಗೂ ಹೇಳದ ಮಾತೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಹತ್ತಿರ ಹೋದಾಗ ನನ್ನ ಕಣ್ಣು ಮೊದಲು ಹೋದದ್ದು ಸ್ಕೀಯ ಮೇಲೆ. ಅಷ್ಟು ಪೆಟ್ಟು ತಿಂದರೂ ಅದು ಒಂದು ಎಳೆಯೂ ಬಿಟ್ಟಿರಲಿಲ್ಲ. ಅರೆಕ್ಷಣ ನನಗೆ ಹೆಮ್ಮೆಯಾಯಿತು. ಆಮೇಲೆ ಅವನ ಕಾಲು ಕಂಡಿತು. ಆ ಅರೆಕ್ಷಣವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಮೊಣಕಾಲಿನ ಕೆಳಗಿನ ಮೂಳೆ ತಿರುಚಿಕೊಂಡು ಮುರಿದಿತ್ತು, ಮೊಣಕಾಲಿನ ಕೀಲನ್ನು ಹಿಡಿದಿಡುವ ಕಟ್ಟುಗಳು ಹರಿದಿದ್ದವು. ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಬೆಂಗಳೂರಿಗೆ ಬಂದ ಮೇಲೆ ಇನ್ನೊಂದಾಯಿತು. ಮೇಷ್ಟ್ರು ಆಸ್ಪತ್ರೆಗೆ ಬಂದವರು ನನ್ನನ್ನು ಬೈಯಲಿಲ್ಲ. ಆ 188ರ ಜೋಡಿ ಯಾರು ಕೊಟ್ಟದ್ದು ಎಂದಷ್ಟೇ ಕೇಳಿ, ಉತ್ತರ ಕೇಳಿಸಿಕೊಂಡು, ಮುಬಾರಕ್‌ನ ಪಕ್ಕ ಹೋಗಿ ಕೂತರು.

ಹಾರೋಹಳ್ಳಿಗೆ ಮರಳಿ ಅಪಘಾತದ ವರದಿ ಬರೆಯಬೇಕಾಯಿತು. ಕಾರಣ ಎಂಬ ಕಡೆ ಮಾಲೀಕರು ಹೇಳಿದಂತೆ ‘ಜಾರಿದವನ ಅನುಭವದ ಕೊರತೆ’ ಎಂದು ಬರೆದು ಸಹಿ ಹಾಕಿದೆ. ಬರೆದದ್ದು ಸುಳ್ಳಲ್ಲ. ನಿಜವೂ ಅಲ್ಲ. ಗುಣಮಟ್ಟದವನಾಗಿ ನಾನು ಮಾಡಿದ ಸಹಿಗಳಲ್ಲಿ ಅತ್ಯಂತ ಕೀಳಾದದ್ದು ಅದು.

ಕಾಲು ಕೂಡಿಕೊಂಡಿತು, ಮೊಣಕಾಲು ಮಾತ್ರ ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ಕಾರ್ಖಾನೆಯಲ್ಲಿ ಅವನಿಗೆ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಕೊಟ್ಟರು. 2009ರಲ್ಲಿ ಕಾರ್ಖಾನೆ ಮುಚ್ಚಿತು. ಸಿದ್ದರಾಜುಗೆ ಬಿಡದಿ ಕಡೆ ಕೆಲಸ ಸಿಕ್ಕಿತು, ನನಗೆ ಬೆಂಗಳೂರಿನಲ್ಲಿ. ಮುಬಾರಕ್ ಮನೆಗೆ ಹೋದ.

ಆರು ತಿಂಗಳ ನಂತರ ಚನ್ನಪಟ್ಟಣದಲ್ಲಿ ಅವನ ಮನೆ ಹುಡುಕಿಕೊಂಡು ಹೋದೆ. ಲೇತಿನ ಮುಂದೆ ಅವನ ಹೆಂಡತಿ ಕೂತಿದ್ದರು. ಅವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಉಳಿ ಹೇಗೆ ಹಿಡಿಯಬೇಕೆಂದು ಹೇಳಿಕೊಡುತ್ತಿದ್ದ. ಅವರು ಕಡೆದು ಕೊಟ್ಟ ಬುಗುರಿಯ ಮೇಲೆ ಹೆಬ್ಬೆರಳು ಆಡಿಸಿದ. ಬೆರಳು ಒಂದು ಕಡೆ ನಿಂತಿತು, ಬುಗುರಿಯನ್ನು ಪಕ್ಕಕ್ಕಿಟ್ಟ. ಆ ಬೆರಳಿಗೆ ಕಂಡದ್ದನ್ನು ತಿದ್ದೋಣವೆಂದರೆ ಅವನಿಗೆ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ.

ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತನ್ನು ನಾನು ಹೇಳಿದೆ: “ತಪ್ಪು ನಂದು ಮುಬಾರಕ್. ಆ ಜೋಡಿ ನಾನು ಕೊಡಬಾರದಿತ್ತು.”

ಅವನು ಸ್ಟೂಲಿನ ಮೇಲೆ ನನ್ನ ಕಡೆ ತಿರುಗಿ ಕೂತ. ಕೋಪವಿರಲಿಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ.

“ಎಲ್ಲದ್ರದ್ದೂ ಅಳ್ತೆ ತಕ್ಕಂತಿದ್ರಿ ಸಾರ್. ಮರದ್ದು, ಅಂಟಿಂದು, ಕಬ್ಣದ್ದು. ಅವತ್ತು ನಂದು ಯಾಕ್ ತಕ್ಕಳ್ನಿಲ್ಲ?”

ಅವನ ಹೆಂಡತಿ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಮೂವತ್ತೊಂದು ವರ್ಷ ಒಳ್ಳೆಯ ಮಾಲು, ಕೆಟ್ಟ ಮಾಲು ಎಂದು ವಿಂಗಡಿಸಿದವನು ನಾನು. ಒಳ್ಳೆಯದು ಎನ್ನುವ ಮೊದಲು ಯಾರಿಗೆ ಎಂದು ಕೇಳಬೇಕು ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು, ಆದರೆ ಇನ್ನೊಬ್ಬನ ಕಾಲಿನ ಮೇಲೆ ಕಲಿಸಿತು. ನನ್ನ ಚಾರ್ಟಿನ ಪ್ರಕಾರ ಆ 188ನ್ನು ಹಿಡಿತದಲ್ಲಿಡಲು ಎಂಬತ್ತು ಕೆಜಿಯ, ಪಳಗಿದ ಆಳು ಬೇಕು. ಮುಬಾರಕ್‌ನ ತೂಕ ಐವತ್ತೆಂಟು. ಅದು ನನಗೆ ತಿಳಿದದ್ದು ಆಪರೇಷನ್ನಿಗೆ ಮುಂಚೆ ನರ್ಸ್ ಬರೆದುಕೊಟ್ಟ ಚೀಟಿಯಿಂದ.