ಗವಿ ಅಂದ್ರ ಗವಿ

ನಮ್ಮ ಗಜೇಂದ್ರಗಡದ ಮನೆಯಲ್ಲಿ ನನ್ನ ಓದಿಗೆ ಸಿಗುವುದು ಒಂದೇ ಹೊತ್ತು. ಮಧ್ಯಾಹ್ನ ಉಂಡು ಯಜಮಾನರು ಮಗ್ಗ ಬಿಟ್ಟು ಒಂದು ನಿದ್ದೆ ತೆಗೆಯುತ್ತಾರಲ್ಲ, ಆಗ. ಕಂಡಿಕೆಗೆ ನೂಲು ಸುತ್ತುವ ರಾಟೆ ಬದಿಗೆ ಸರಿಸಿ ಕಾದಂಬರಿ ಹಿಡಿಯುತ್ತೇನೆ. ಅದೂ ರಾಜರ ಕಾಲದ್ದೇ ಆಗಬೇಕು. ಈಗಿನ ಸಂಸಾರದ ಕತೆ ಓದಲು ನನಗೇನು ಸಂಸಾರ ಇಲ್ಲವೇ?

ನರಗುಂದದ ತವರಿನಿಂದ ತಂದ ಒಂದು ಕಾದಂಬರಿ ನನ್ನ ತಲೆ ಕೆಡಿಸಿತು. ಅಜಂತಾದ ಗವಿಯ ಗೋಡೆಗೆ ಚಿತ್ರ ಬರೆಯುವವನೊಬ್ಬನ ಕತೆ. ರಾಣಿಯನ್ನು ಬರೆದು ಮುಗಿಸಿ, ಅವಳ ಹಿಂದೆ ಚಾಮರ ಹಿಡಿದ ದಾಸಿಗೆ ಪಟ್ಟೆ ಪಟ್ಟೆಯ ಬಟ್ಟೆ ಉಡಿಸುತ್ತಾನೆ. ಪಟ್ಟೇದ ಅಂಚಿನ ಸೀರೆ ನೇಯುವ ಮನೆಯಲ್ಲಿ ಬಾಳಿದವಳು ನಾನು. ಆ ಪಟ್ಟೆಯನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಅನ್ನಿಸಿದ್ದಲ್ಲ, ಹುಚ್ಚೇ ಹಿಡಿಯಿತು.

ಯಜಮಾನರಿಗೆ ಹೇಳಿದೆ.

"ಅಜಂತಾಕ್ಕ? ಅಲ್ಲೇನೈತಿ?"

"ಗವಿ ಅದಾವ್ರಿ. ಒಳಗ ಚಿತ್ರ ಬರದಾರ."

"ಮಗ್ಗದ ಮ್ಯಾಲಿನ ಹಾಸು ಇಳೀಲಿ, ನೋಡೂಣು."

ಮಗ್ಗಕ್ಕೆ ಹೂಡಿದ ಒಂದು ಹಾಸು ನೂಲು ನೇಯ್ದು ಇಳಿದರೆ ಇನ್ನೊಂದು ಏರುತ್ತದೆ. ಹೀಗೇ ವರ್ಷಗಳು ಹೋದವು. ಕೇಳಿ ಕೇಳಿ ನನಗೇ ಬೇಸರ ಬಂತು.

ಹೋದ ವರ್ಷ ಗಾಡಿ ಮಾಡಿಕೊಂಡು, ರೋಣ ದಾಟಿ, ಮನೆದೇವರು ಬನಶಂಕರಿಗೆ ಹೋಗಿದ್ದೆವು. ದರ್ಶನ ಮುಗಿಸಿ ಯಜಮಾನರು ಗಾಡಿಯನ್ನು ಬಾದಾಮಿಗೆ ತಿರುಗಿಸಿದರು. "ಇಳಿ, ನಿನ್ನ ಗವಿ ಬಂತು" ಎಂದರು. ಮುಖದಲ್ಲಿ ಏನು ಹಿಗ್ಗು! ಮೊಣಕಾಲು ಹಿಡಿದುಕೊಂಡು, ಮಂಗಗಳನ್ನು ಗದರಿಸುತ್ತ ಮೆಟ್ಟಿಲು ಹತ್ತಿದೆ. ಕಲ್ಲಿನ ಕೆಲಸ ಚಂದವೇ, ಇಲ್ಲ ಅನ್ನಬಾರದು. ಹಿಂದೆ ಚಿತ್ರಗಳೂ ಇದ್ದವಂತೆ. ಮೇಲೆ ಒಂದಿಷ್ಟು ಮಸುಕು ಬಣ್ಣ ಉಳಿದಿತ್ತು, ಅಷ್ಟೇ. ಕತ್ತು ನೋಯುವವರೆಗೆ ನೋಡಿದೆ. ಪಟ್ಟೆ ಎಲ್ಲಿಂದ ಬರಬೇಕು?

"ಸಮಾಧಾನ ಆತಿಲ್ಲೊ?" ಎಂದು ಕೇಳಿದರು.

"ಆತ್ರಿ" ಎಂದೆ. ನನಗಾಗಿ ಆ ಬಿಸಿಲಲ್ಲಿ ಬೆವರು ಒರೆಸುತ್ತ ನಿಂತ ಮನುಷ್ಯನಿಗೆ ಮತ್ತೇನು ಹೇಳಲಿ?

ಆ ಒಂದು ಮಾತೇ ನನ್ನನ್ನು ಮುಳುಗಿಸಿತು. ಈ ವರ್ಷ ಓಣಿಯವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಶಿರಡಿಗೆ ಹೊರಟರು, ಬರುವಾಗ ಅಜಂತಾ. ನಮ್ಮ ಮನೆಗೆ ಸಿಕ್ಕಿದ್ದು ಒಂದೇ ಸೀಟು. ನಾನು ಬಾಯಿ ಬಿಡುವುದರೊಳಗೆ ಯಜಮಾನರು ತಮ್ಮನ ಹೆಂಡತಿಯ, ಅಂದರೆ ನನ್ನ ನೆಗೆಣ್ಣಿಯ, ಹೆಸರು ಬರೆಸಿ ಬಂದಿದ್ದರು.

"ನಾ ಹೋಗ್ತಿದ್ನಲ್ರಿ!"

"ನೀ ಗವಿ ನೋಡೀಯಲ್ಲ. ಗವಿ ಅಂದ್ರ ಗವಿ. ಪಾಪ, ಆಕಿ ಏನೂ ನೋಡಿಲ್ಲ."

ಕುಹಕವಿಲ್ಲ, ಖರೇ ಹಾಗೇ ತಿಳಿದಿದ್ದರು. ಹಣೆ ಹಣೆ ಬಡಿದುಕೊಳ್ಳಬೇಕು ಅನ್ನಿಸಿತು. ಎರಡು ಗವಿಗಳ ಫರಕು ತಿಳಿಸಿ ಹೇಳಬೇಕೆಂದರೆ ಬಾದಾಮಿಯಲ್ಲಿ "ಆತ್ರಿ" ಅಂದದ್ದು ಸುಳ್ಳೆಂದು ಒಪ್ಪಬೇಕು. ಆ ಹಿಗ್ಗಿದ ಮುಖ ಕಣ್ಣ ಮುಂದೆ ಬಂತು. ರಾಟೆ ಎಳೆದುಕೊಂಡು ಕಂಡಿಕೆ ಸುತ್ತಲು ಕೂತೆ.

ನೆಗೆಣ್ಣಿ ಪ್ರಸಾದ ಹಿಡಿದು ತಿರುಗಿ ಬಂದಳು. ಕೂಡಿಸಿ, ನೀರು ಕೊಟ್ಟು, "ಅಜಂತಾ ಹ್ಯಾಂಗಿತ್ತವಾ?" ಎಂದು ಕೇಳಿದೆ.

"ನಾ ಇಳೀಲೇ ಇಲ್ಲಕ್ಕಾ. ಕಾಲು ಭಾಳ ಹಿಡಕೊಂಡಿದ್ವು. ಬಸ್ಸಿನ್ಯಾಗ ಮಲಗಿಬಿಟ್ಟೆ."

ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ತ್ರಾಣ ಬೇಕಲ್ಲ. "ಚಲೋ ಮಾಡಿದಿ ಬಿಡು" ಎಂದು, ಅವಳ ಕಾಲಿಗೆ ಹಚ್ಚಲು ಎಣ್ಣೆ ಕಾಯಿಸುವುದಕ್ಕೆ ಒಳಗೆ ಹೋದೆ.