ಹೂಂ ಅಂದವರ ಮನೆಗೆ ಮತ್ತೊಮ್ಮೆ

ಆರೋಗ್ಯ ಸಂಶೋಧನೆಯ ಕಚೇರಿಯೊಂದರಲ್ಲಿ ಅವಳ ಕೆಲಸ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು. ಹದಿನೇಳು ವರ್ಷದಿಂದ ಅದೇ. ಬೀದಿಯವರೆಲ್ಲ ಅವಳನ್ನು ಫಾರಂ ಅಕ್ಕ ಅನ್ನುತ್ತಿದ್ದರು. ಗಂಡ ಕೂಡ ಒಮ್ಮೊಮ್ಮೆ ಹಾಗೇ ಕರೆದು ರೇಗಿಸುತ್ತಿದ್ದ. ನಗಲು ಅವಳಿಗೆ ತ್ರಾಣವಿರುತ್ತಿರಲಿಲ್ಲ.

ಆ ವರ್ಷ ಬಿಪಿ ಇರುವವರ ಆರುನೂರು ಮನೆ ಮುಗಿಸಿದ್ದಳು. ಬಿಪಿ ಮಾತ್ರೆ ದಿನಾ ನುಂಗುತ್ತೀರಾ ಎಂದರೆ ನೂರಕ್ಕೆ ಎಂಬತ್ತು ಮಂದಿ ಹೂಂ ಅಂದಿದ್ದರು. ಅಳೆದು ನೋಡಿದರೆ ಅವರಲ್ಲಿ ಅರ್ಧಕ್ಕರ್ಧ ಜನರ ಬಿಪಿ ಇಳಿದೇ ಇರಲಿಲ್ಲ. ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ತಲೆ ಚಚ್ಚಿಕೊಂಡರು.

“ಅಂಕಿಗೆ ಬಾಯಿಲ್ಲ ಕಣ್ರೀ. ಹೂಂ ಅಂದೂ ಬಿಪಿ ಇಳೀದವರಲ್ಲಿ ನಲವತ್ತು ಮನೆಗೆ ಮತ್ತೆ ಹೋಗಿ. ಫಾರಂ ಬೇಡ. ಸುಮ್ನೆ ಕೂತು ಕೇಳಿಸ್ಕೊಂಡು ಬನ್ನಿ.”

“ಮತ್ತೆ ಹೋಗ್ಬೇಕಾ ಮೇಡಂ?” ಅಂದಳು ಫಾರಂ ಅಕ್ಕ, ಅಷ್ಟೇ.

ಮೊದಲ ಮನೆ ಬಸ್ ಕಂಡಕ್ಟರಮ್ಮನದು, ಮೂರನೇ ಮಹಡಿ. ಫಾರಂ ಅಕ್ಕ ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕುಸಿದಳು. ಕಚೇರಿಯವರು ಕೊಟ್ಟಿದ್ದ ರೆಕಾರ್ಡರ್ ಮುಂದಿಟ್ಟದ್ದೇನೋ ಆಯಿತು, ಕೈಯಲ್ಲಿ ಪ್ರಶ್ನೆಗಳಿಲ್ಲದೆ ಏನು ಕೇಳಬೇಕೋ ತೋಚಲಿಲ್ಲ. ಸೆರಗಿನಿಂದ ಬೆವರೊರೆಸಿಕೊಂಡು ಹಿಂದಕ್ಕೊರಗಿದಳು. ಕಂಡಕ್ಟರಮ್ಮನೇ ಬಾಯಿಬಿಟ್ಟಳು.

“ನಿಜ ಹೇಳ್ಲಾ ಅಕ್ಕ? ಆ ಮಾತ್ರೆ ನುಂಗಿದ್ರೆ ಗಳಿಗೆಗೊಂದ್ಸಲ ಮೂತ್ರಕ್ಕೆ ಓಡ್ಬೇಕು. ಬಸ್ಸಲ್ಲಿ ಎಲ್ಲಿಗೆ ಓಡ್ಲಿ? ನಿಲ್ಸಪ್ಪಾ ಅಂತ ಡ್ರೈವರಿಗೆ ಹೇಳೋಕಾಗುತ್ತಾ? ರಜಾ ದಿನ ಮಾತ್ರ ತಗೋತೀನಿ.”

“ಅವತ್ತು ದಿನಾ ಅಂದ್ರಲ್ಲ?”

“ನಿಮ್ಮ ಕೈಲಿ ಪೆನ್ನಿತ್ತು, ಕಣ್ಣು ಪಕ್ಕದ ಮನೆ ಬಾಗಿಲ ಮೇಲಿತ್ತು. ಹೂಂ ಅಂದ್ರೆ ನಿಮಗೂ ಸಲೀಸು, ನನಗೂ ಸಲೀಸು.”

ಫಾರಂ ಅಕ್ಕನ ಮುಖ ಸಪ್ಪಗಾಯಿತು. ಇಷ್ಟು ವರ್ಷದಲ್ಲಿ ಇಂಥ ಎಷ್ಟು ಹೂಂಗಳಿಗೆ ಟಿಕ್ ಹಾಕಿದೆನೋ ಎಂದುಕೊಂಡೇ ಮೆಟ್ಟಿಲಿಳಿದಳು.

ನಲವತ್ತು ಮನೆಗೆ ಎರಡು ತಿಂಗಳು ಹಿಡಿಯಿತು. ಹನ್ನೊಂದು ಮಂದಿಯದು ಇದೇ ಗೋಳು. ಗೇಟು ಬಿಟ್ಟು ಕದಲಲಾಗದ ಕಾವಲುಗಾರ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಅತ್ತಿಗೆ-ನಾದಿನಿಯರು. ರೆಕಾರ್ಡರಿನಲ್ಲಿದ್ದುದನ್ನೆಲ್ಲ ಅವಳೇ ಕೂತು ಬರೆದಳು. ಬೆರಳು ಜೋಮು ಹಿಡಿಯಿತು. ಓದಿದ ಡಾಕ್ಟರಮ್ಮ ಆಸ್ಪತ್ರೆಯವರೊಂದಿಗೆ ಮಾತಾಡಿ ಕಂಡಕ್ಟರಮ್ಮನಿಗೆ ಬೇರೆ ಮಾತ್ರೆ ಬರೆಸಿದರು. ತಿಂಗಳೊಪ್ಪತ್ತಿನಲ್ಲಿ ಅವಳ ಬಿಪಿ ಇಳಿಯಿತು. ಫಾರಮ್ಮಿಗೆ ‘ಯಾವ ದಿನ ಬಿಡುತ್ತೀರಿ, ಯಾಕೆ?’ ಎಂಬ ಸಾಲು ಸೇರಿತು.

“ಇದನ್ನ ಆರುನೂರು ಮನೇಲೂ ಕೇಳ್ಬೇಕಲ್ರೀ. ಇಂಥವರು ಒಟ್ಟು ಎಷ್ಟು ಜನ ಅಂತ ಗೊತ್ತಾಗೋದು ಬೇಡ್ವಾ?” ಅಂದರು ಡಾಕ್ಟರಮ್ಮ.

ಫಾರಂ ಅಕ್ಕ ಬೇಡ ಅನ್ನಲಿಲ್ಲ. ಕೂತು ಕೇಳಿಸಿಕೊಳ್ಳುವುದರಿಂದ ಈಗ ದಿನಕ್ಕೆ ಐದು ಮನೆ ದಾಟುವುದಿಲ್ಲ. ಮನೆ ಕಮ್ಮಿಯಾಯಿತೆಂದು ಕಚೇರಿಯ ಮೇಲ್ವಿಚಾರಕ ಗೊಣಗಿದರೆ ಕೇಳಿಸದವಳಂತೆ ಮುಂದಿನ ಬಾಗಿಲು ತಟ್ಟುತ್ತಾಳೆ.